24 ಹಲ್ಲಿ, 7,661 ಹಲ್ಲಿ: ಮೊನಿಟೊ ದ್ವೀಪದ ಲೆಕ್ಕ

ನಮ್ಮನೆ ಅಡುಗೆಮನೇಲಿ ಎಷ್ಟು ಹಲ್ಲಿ ಇದಾವೆ ಅಂತ ಕೇಳಿದ್ರೆ ನಾನು ಎರಡು ಅಂತೀನಿ. ಟ್ಯೂಬ್‌ಲೈಟ್ ಹಿಂದೆ ಒಂದು, ಕ್ಯಾಲೆಂಡರ್ ಹಿಂದೆ ಬಾಲ ಮೊಂಡಾಗಿರೋದು ಇನ್ನೊಂದು. ಅಮ್ಮನ್ನ ಕೇಳಿದ್ರೆ "ಮನೆ ತುಂಬಾ ಅವೇ" ಅಂತಾರೆ. ಇಬ್ರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ, ಆದ್ರೆ ಇಬ್ರ ಲೆಕ್ಕ ಒಂದಾಗೋದೂ ಇಲ್ಲ. ಇದೇ ತಕರಾರು ಸರ್ಕಾರಿ ಕಡತ, ವಿಜ್ಞಾನಿಗಳು, ಇಲಿ ಪಾಷಾಣ ಎಲ್ಲಾ ಸೇರ್ಕೊಂಡು ಮೂವತ್ತು ವರ್ಷಕ್ಕೂ ಮೇಲೆ ನಡೆದ ಒಂದು ಜಾಗ ಇದೆ, ಅದರ ಹೆಸರು ಮೊನಿಟೊ ದ್ವೀಪ, ಅಲ್ಲಿನ ಹಲ್ಲಿ ಕಥೆ ಓದಿದ ಮೇಲೆ ನಂಗೆ ಹಲ್ಲಿ ಬಗ್ಗೆ ಎಷ್ಟು ಗೊತ್ತಾಯ್ತೋ ಅದಕ್ಕಿಂತ ಜಾಸ್ತಿ ಎಣಿಸೋದು ಅಂದ್ರೆ ಏನು ಅನ್ನೋದು ಗೊತ್ತಾಯ್ತು, ಅದನ್ನೇ ಇಲ್ಲಿ ಬಿಡಿಸಿ ಹೇಳೋಣ ಅಂತ.

ಮೊದಲು ಜಾಗ ಎಲ್ಲಿದೆ ನೋಡೋಣ. ಕೆರಿಬಿಯನ್ ಕಡೆ ಪೋರ್ಟೊ ರಿಕೊ ಅಂತ ಒಂದು ದ್ವೀಪ, ಅದರ ಪಶ್ಚಿಮಕ್ಕೆ ಡೊಮಿನಿಕನ್ ರಿಪಬ್ಲಿಕ್ ಇರೋ ಹಿಸ್ಪಾನಿಯೋಲ. ಇವೆರಡರ ಮಧ್ಯದ ಸಮುದ್ರಕ್ಕೆ ಮೊನಾ ಕಾಲುವೆ ಅಂತಾರೆ, ಕಾಲುವೆ ಅಂದ್ರೆ ನಮ್ಮ ನಾಲೆ ಥರ ಅಲ್ಲ, ಹಡಗು ಓಡಾಡೋ ದೊಡ್ಡ ಜಲಸಂಧಿ. ಅದರ ಮಧ್ಯ ಮೊನಾ ಅನ್ನೋ 50 ಚದರ ಕಿಲೋಮೀಟರಿಗೂ ದೊಡ್ಡ ದ್ವೀಪ, ಮೊನಾದಿಂದ ಸುಮಾರು 5 ಕಿಲೋಮೀಟರ್ ವಾಯವ್ಯಕ್ಕೆ ಈ ಮೊನಿಟೊ. ವಿಸ್ತೀರ್ಣ ಬರೀ 15 ಹೆಕ್ಟೇರ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ 37 ಎಕರೆ, ಒಬ್ಬ ದೊಡ್ಡ ರೈತನ ಜಮೀನಿನಷ್ಟು. ಬೀಚ್ ಇಲ್ಲ, ಮರಳಿಲ್ಲ, ದೋಣಿ ಕಟ್ಟೋಕೆ ಒಂದು ಕಟ್ಟೆ ಇಲ್ಲ. ಸುಣ್ಣಕಲ್ಲಿನ ಒಂದು ದೊಡ್ಡ ದಿಮ್ಮೀನ ಸಮುದ್ರದ ಮಧ್ಯ ನಿಲ್ಲಿಸಿದ ಹಾಗೆ, ಸುತ್ತಲೂ ನೆಟ್ಟಗೆ ಗೋಡೆ, ತುದಿ ಸಮುದ್ರದಿಂದ ಸುಮಾರು 66 ಮೀಟರ್ ಎತ್ತರ. ಇಳೀಬೇಕು ಅಂದ್ರೆ ದೋಣಿ ಅಲೆ ಜೊತೆ ಮೇಲೆದ್ದಾಗ ಬಂಡೆ ಮೇಲಕ್ಕೆ ಹಾರ್ಬೇಕು, ಲೆಕ್ಕ ತಪ್ಪಿದ್ರೆ ಮೊಣಕಾಲು ಹೋಯ್ತು. ಮೇಲೆ ಹತ್ತಿದ್ರೆ ಚೂಪು ಚೂಪಾಗಿ ಸವೆದ ಕಲ್ಲು, ಗಿಡ್ಡ ಪೊದೆ, ಕಳ್ಳಿ ಗಿಡ, ತಲೆ ಮೇಲೆ ಕಡಲ ಹಕ್ಕಿಗಳ ಗಲಾಟೆ. ಹೊಳೆ ಕೆರೆ ಏನೂ ಇಲ್ಲ.

ಸ್ಪ್ಯಾನಿಷ್‌ನಲ್ಲಿ ಮೊನಿಟೊ ಅಂದ್ರೆ ಪುಟ್ಟ ಕೋತಿ ಅಂತಾನೂ ಅರ್ಥ ಬರುತ್ತೆ. ಹಾಗಾಗಿ ಈ ಹಲ್ಲಿಗೆ ವೈಜ್ಞಾನಿಕ ಹೆಸರಿಡೋವಾಗ ಅದನ್ನೇ ಗ್ರೀಕಿಗೆ ತಿರುಗಿಸಿ ಮೈಕ್ರೋಪಿಥೆಕಸ್ ಅಂತ ಇಟ್ರು, ಸಣ್ಣ ಕೋತಿ. ಪೂರ್ತಿ ಹೆಸರು ಸ್ಫೀರೋಡ್ಯಾಕ್ಟಿಲಸ್ ಮೈಕ್ರೋಪಿಥೆಕಸ್. ಹಲ್ಲಿಗೆ ಕೋತಿ ಅಂತ ಹೆಸರು! ಮೊದಲ ಭಾಗದ ಅರ್ಥ ದುಂಡು ಬೆರಳು, ಅದು ಮಾತ್ರ ನ್ಯಾಯವಾದ ಹೆಸರು, ಯಾಕಂದ್ರೆ ಈ ಕುಲದ ಹಲ್ಲಿಗಳ ಒಂದೊಂದು ಬೆರಳ ತುದೀಲೂ ಒಂದೇ ಒಂದು ದುಂಡನೆ ಬಿಲ್ಲೆ ಇರುತ್ತೆ. ನಮ್ಮ ಮನೆ ಹಲ್ಲಿ ಗಾಜಿನ ಕಿಟಕಿ ಆ ಕಡೆ ಕೂತಾಗ ಅದರ ಪಾದ ನೋಡಿ, ಬೆರಳಿನ ಕೆಳಗೆ ಸಾಲಾಗಿ ಮಡಿಕೆ ಮಡಿಕೆ ಕಾಣುತ್ತೆ, ಇವಕ್ಕೆ ಹಾಗಿಲ್ಲ.

ಸೈಜ್ ಕೇಳಿ. ಬಾಲ ಬಿಟ್ಟು ಮೂತಿಯಿಂದ ಅಳತೆ ಮಾಡಿದ್ರೆ ಹೆಚ್ಚೆಂದ್ರೆ 36 ಮಿಲಿಮೀಟರ್, ಒಂದು ಬೆಂಕಿಕಡ್ಡಿಗಿಂತ ಗಿಡ್ಡ. ಆದ್ರೂ ಅದರ ಬಳಗದಲ್ಲಿ ಇದೇನೂ ತೀರಾ ಕುಳ್ಳ ಅಲ್ಲ. ಡೊಮಿನಿಕನ್ ರಿಪಬ್ಲಿಕ್‌ನ ಹರಾಗುವಾ ರಾಷ್ಟ್ರೀಯ ಉದ್ಯಾನದಲ್ಲೂ ಪಕ್ಕದ ಬೆಯಾಟಾ ದ್ವೀಪದಲ್ಲೂ ಇರೋ ಇನ್ನೊಂದು ತಮ್ಮ 16 ಮಿಲಿಮೀಟರಿಗೇ ದೊಡ್ಡವನಾಗಿಬಿಡ್ತಾನೆ, ಅವನಿಗೆ 2001ರಲ್ಲಿ ಹೆಸರಿಟ್ರು. ಒಂದು ರೂಪಾಯಿ ನಾಣ್ಯದ ಮೇಲೆ ಬಾಲ ಸುತ್ಕೊಂಡು ಆರಾಮಾಗಿ ಮಲಗಬಹುದು.

ಈಗ ಇಲ್ಲೊಂದು ಒಗಟಿದೆ. ಸಣ್ಣ ಮೈ, ಒಣ ಬಂಡೆ, ಇವೆರಡು ಒಟ್ಟಿಗೆ ಹೋಗಬಾರದು. ಮಾಮೂಲಿ ಇಡ್ಲಿ ಒಂದು, ಬಟನ್ ಇಡ್ಲಿ ಒಂದು ತಗೊಂಡು ಫ್ಯಾನ್ ಕೆಳಗೆ ಇಟ್ಟುಬಿಡಿ, ಯಾವುದು ಮೊದಲು ಒಣಗಿ ಗಟ್ಟಿಯಾಗುತ್ತೆ? ಬಟನ್ ಇಡ್ಲಿನೇ. ಯಾಕಂದ್ರೆ ಒಂದು ವಸ್ತೂನ ಎಲ್ಲಾ ಕಡೆಯಿಂದ ಅರ್ಧಕ್ಕೆ ಕುಗ್ಗಿಸಿದ್ರೆ ಒಳಗಿರೋ ಸರಕು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ, ಆದ್ರೆ ಹೊರಗಿನ ಚರ್ಮ ನಾಲ್ಕನೇ ಒಂದು ಭಾಗಕ್ಕಷ್ಟೇ ಇಳಿಯೋದು, ಅಂದ್ರೆ ಇರೋ ನೀರಿಗೆ ಹೋಲಿಸಿದ್ರೆ ನೀರು ಸೋರಿಹೋಗೋ ಜಾಗ ಡಬಲ್ ಆಯ್ತು. ಪುಟ್ಟ ಹಲ್ಲಿ ಅಂದ್ರೆ ಬಟನ್ ಇಡ್ಲಿ. ಬಿಸಿಲಲ್ಲಿ ಬಿಟ್ರೆ ನೋಡ್ತಾ ನೋಡ್ತಾ ಒಣಗಿಹೋಗುತ್ತೆ.

ಹಾಗಾದ್ರೆ ಬದುಕೋದು ಹೇಗೆ ಅಂದ್ರೆ, ಹೊರಗೇ ಬರಲ್ಲ. ಹಗಲೆಲ್ಲಾ ಕಲ್ಲಿನ ಸಂದಿ, ಬಂಡೆ ಚೂರಿನ ಕೆಳಗೆ, ಒಣ ಎಲೆ ತರಗಿನ ಅಡಿ. ಮೇಲ್ಗಡೆ ಕಲ್ಲು ಕಾದ ಕಾವಲಿ ಆಗಿದ್ರೂ ಒಂದು ಗೇಣು ಕೆಳಗೆ ಸಂದಿಯೊಳಗಿನ ಹವಾ ಬೇರೇನೇ ಇರುತ್ತೆ, ತಣ್ಣಗೆ, ಸ್ವಲ್ಪ ತೇವ. ದೊಡ್ಡ ಪ್ರಾಣಿಗೆ ಆ ಸಂದಿ ಸಿಗಲ್ಲ, ಇದಕ್ಕೆ ಸಿಗುತ್ತೆ. ಅಂದ್ರೆ ಸಣ್ಣ ಮೈ ತಂದ ಕಷ್ಟಕ್ಕೆ ಸಣ್ಣ ಮೈನೇ ಪರಿಹಾರ ಕೊಟ್ಟಿದೆ. ಮೊಟ್ಟೆ ವಿಷಯದಲ್ಲೂ ಅಷ್ಟೇ, ಈ ಕುಲದ ಹೆಣ್ಣು ಒಂದು ಸಲಕ್ಕೆ ಒಂದೇ ಮೊಟ್ಟೆ ಇಡೋದು, ಹೊಟ್ಟೇಲಿ ಎರಡನೇದಕ್ಕೆ ಜಾಗ ಎಲ್ಲಿಂದ ಬರ್ಬೇಕು? ಆದ್ರೆ ಆ ಒಂದು ಮೊಟ್ಟೆ ಚಿಪ್ಪು ಗಟ್ಟಿ. ಹಾವಿನ ಮೊಟ್ಟೆ ತೊಗಲು ತೊಗಲಾಗಿರುತ್ತಲ್ಲ, ಇದು ಹಾಗಲ್ಲ, ಕೋಳಿ ಮೊಟ್ಟೆ ಥರ ಸುಣ್ಣದ ಚಿಪ್ಪು, ಸುಲಭಕ್ಕೆ ಒಣಗಲ್ಲ. ಇಂಥ ಹಲ್ಲಿಗಳು ದ್ವೀಪದಿಂದ ದ್ವೀಪಕ್ಕೆ ತೇಲಿಹೋಗಿರೋ ಮರದ ದಿಮ್ಮಿ, ಕಸಕಡ್ಡಿ ಮೇಲೆ ದಾಟಿರೋದಕ್ಕೆ ಈ ಚಿಪ್ಪೂ ಒಂದು ಕಾರಣ ಅಂತಾರೆ. ಟಿಕೆಟ್ ಇಲ್ಲದ ಪ್ರಯಾಣ.

ಮನುಷ್ಯರ ಕಣ್ಣಿಗೆ ಇದು ಬಿದ್ದಿದ್ದು ತೀರಾ ಇತ್ತೀಚೆಗೆ, 1974ರಲ್ಲಿ. ಆಲ್ಬರ್ಟ್ ಶ್ವಾರ್ಟ್ಸ್ ಅನ್ನೋ ಉರಗ ತಜ್ಞರು 1977ರಲ್ಲಿ ಹೆಸರು ಕೊಟ್ರು. 1982ರಲ್ಲಿ ಇಬ್ಬರು ಜೀವಶಾಸ್ತ್ರಜ್ಞರು ಹೋಗಿ ಹುಡುಕಿದ್ರು, ಇಡೀ ದ್ವೀಪದಲ್ಲಿ ಸಿಕ್ಕಿದ್ದು 24. ಇಪ್ಪತ್ನಾಲ್ಕು! ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ, ಇರೋ ಒಂದೇ ಜಾಗದಲ್ಲಿ ಒಂದು ಮದುವೆ ಮನೆ ಪಂಕ್ತಿಗೂ ಸಾಲದಷ್ಟು ಜನ. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರ ಇದನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸ್ತು (ಪೋರ್ಟೊ ರಿಕೊ ಅಮೆರಿಕದ ಆಡಳಿತಕ್ಕೆ ಸೇರಿದ್ದು, ಹಾಗಾಗಿ ಅಲ್ಲಿನ ಕಾನೂನೇ ಇಲ್ಲಿಗೂ), ಇಡೀ ದ್ವೀಪಾನೇ ಇದರ ಅತ್ಯಗತ್ಯ ನೆಲೆ ಅಂತ ಘೋಷಿಸ್ತು. ತಮಾಷೆ ಏನಂದ್ರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಇದೇ ಅಮೆರಿಕದ ಸೇನೆ ಇದೇ ದ್ವೀಪದ ಮೇಲೆ ವಿಮಾನದಿಂದ ಬಾಂಬ್ ಹಾಕಿ ಪ್ರಾಕ್ಟೀಸ್ ಮಾಡಿತ್ತು. ಜನ ಇಲ್ಲ, ಯಾರಿಗೂ ಏನೂ ಆಗಲ್ಲ ಅನ್ನೋ ಲೆಕ್ಕ. ಬೆಂಕಿಕಡ್ಡಿ ಸೈಜಿನ ಪ್ರಜೆಗಳನ್ನ ಯಾರು ಲೆಕ್ಕಕ್ಕೆ ತಗೋತಾರೆ.

ಬಾಂಬ್ ಅಂತೂ ನಿಂತುಹೋಯ್ತು, ಆದ್ರೆ ದ್ವೀಪದಲ್ಲಿ ಇಲಿ ಇತ್ತು. ಕಪ್ಪು ಇಲಿ, ಹಡಗಿನ ಇಲಿ ಅಂತಾನೂ ಕರೀತಾರೆ. ಇದರ ತವರು ಯಾವುದು ಗೊತ್ತಾ? ನಮ್ಮ ಭಾರತ ಉಪಖಂಡ. ಇಲ್ಲಿಂದ ಧಾನ್ಯದ ಮೂಟೆ, ವ್ಯಾಪಾರದ ದಾರಿ ಹಿಡ್ಕೊಂಡು ಯುರೋಪಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಜಗತ್ತೆಲ್ಲಾ ಸುತ್ತಿ, ಕೊನೆಗೆ ಈ 37 ಎಕರೆ ಬಂಡೆಗೂ ಬಂದು ಸೇರಿತ್ತು. ನಮ್ಮ ಕಡೆಯಿಂದ ಹೋಗಿ ಬೇರೆಯವರ ಮನೇಲಿ ರಗಳೆ ಮಾಡಿದ ಜೀವಿ ಇದೊಂದೇ ಅಲ್ಲ ಅನ್ನಿ. ನಮ್ಮ ಗೋಡೆ ಮೇಲೆ ಲೊಚಗುಟ್ಟೋ, ಮೈ ಮೇಲೆ ಬಿದ್ರೆ ಪಂಚಾಂಗ ತೆಗೆದು ಫಲ ನೋಡೋ ಆ ಸಾಧು ಹಲ್ಲಿ ಇದೆಯಲ್ಲ, ಅದೂ ಏಷ್ಯಾದ ಈ ಭಾಗದ್ದೇ, ಅದು ಮಾರಿಷಸ್ ಕಡೆ ಹೋಗಿ ಅಲ್ಲಿನ ನಾಕ್ಟಸ್ ಅನ್ನೋ ಪುಟ್ಟ ಸ್ಥಳೀಯ ಹಲ್ಲಿಗಳ ಬಂಡೆ ಸಂದಿ ಕಿತ್ಕೊಂಡು, ಹೆದರಿಸಿ, ಮರಿ ಸಿಕ್ರೆ ತಿಂದು, ಅವನ್ನ ಕೆಲವು ಸಣ್ಣ ಸಣ್ಣ ನಡುಗಡ್ಡೆಗಳಿಗೆ ಅಟ್ಟಿಬಿಟ್ಟಿದೆ. ಊರಲ್ಲಿ ಸಂಭಾವಿತ, ಪರಊರಲ್ಲಿ ರೌಡಿ.

ಮತ್ತೆ ಮೊನಿಟೊ ಇಲಿಗೆ ಬರೋಣ. ಇಲ್ಲಿ ಒಂದು ವಿಷಯ ಪ್ರಾಮಾಣಿಕವಾಗಿ ಹೇಳ್ಬೇಕು, ಇಲಿಗಳೇ ಹಲ್ಲೀನ ತಿಂದು ಮುಗಿಸ್ತಿವೆ ಅನ್ನೋದು ಶುರುವಲ್ಲಿ ಗುಮಾನಿ ಅಷ್ಟೇ. ಇಲಿ ಬಾಯಲ್ಲಿ ಹಲ್ಲಿ ಬಾಲ ನೇತಾಡ್ತಿತ್ತು ಅನ್ನೋ ಥರದ ಸಾಕ್ಷಿ ಇಟ್ಕೊಂಡು ಯಾರೂ ಕೇಸ್ ಹಾಕಿರ್ಲಿಲ್ಲ. ಆದ್ರೆ ಗುಮಾನಿಗೆ ಆಧಾರ ಇತ್ತು. ನ್ಯೂಜಿಲೆಂಡ್‌ನಿಂದ ಹಿಡಿದು ಎಷ್ಟೋ ಕಡೆ ದ್ವೀಪಕ್ಕೆ ಇಲಿ ಬಂದ ಮೇಲೆ ಹಲ್ಲಿ, ಓತಿ, ಹಕ್ಕಿ ಕಡಿಮೆಯಾಗಿದ್ದು, ಇಲಿ ತೆಗೆದ ಮೇಲೆ ಅವು ಚೇತರಿಸ್ಕೊಂಡಿದ್ದು ಜನ ನೋಡಿದ್ರು. ಇಲಿ ರಾತ್ರಿ ಓಡಾಡುತ್ತೆ, ಹಲ್ಲೀನೂ ರಾತ್ರೀನೇ ಹೊರಗೆ ಬರೋದು. ಇಲಿ ಸಂದಿ ಸಂದಿ ಮೂತಿ ತೂರಿಸುತ್ತೆ, ಹಲ್ಲಿ ಮೊಟ್ಟೆ ಇರೋದು ಸಂದೀಲೇ. ವರ್ಷಕ್ಕೆ ಎಷ್ಟೋ ಮರಿ ಹಾಕೋ ಪ್ರಾಣಿಗೆ ನಾಲ್ಕು ಹೋದ್ರೆ ತಡ್ಕೊಳ್ಳುತ್ತೆ, ಒಂದೊಂದೇ ಮೊಟ್ಟೆ ಇಡೋ ಪ್ರಾಣಿಗೆ ಒಂದೊಂದೂ ಲೆಕ್ಕವೇ. ಜೊತೆಗೆ ಅಲ್ಲಿನ ಕಡಲ ಹಕ್ಕಿ ಮೊಟ್ಟೆ, ಕಳ್ಳಿ ಹಣ್ಣು ಬೀಜ, ಯಾವುದೂ ಇಲಿ ಬಾಯಿಗೆ ಬೇಡ ಅಲ್ಲ. ಹಾಗಾಗಿ ಹಲ್ಲಿ ಒಂದಕ್ಕೇ ಅಲ್ಲದಿದ್ರೂ ಇಲಿ ಹೋಗೋದು ಒಳ್ಳೇದೇ ಅಂತ ತೀರ್ಮಾನ ಆಯ್ತು.

ಇಲಿ ಓಡಿಸೋದು ಅಂದ್ರೆ ನಮ್ಮನೇಲಿ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ ಇಡೋ ಕೆಲಸ ಅಲ್ಲ ಇದು. ಮನೇಲಿ ಹತ್ತರಲ್ಲಿ ಎಂಟು ಸತ್ರೆ ನಮಗೆ ನೆಮ್ಮದಿ. ದ್ವೀಪದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸತ್ರೂ ಫೇಲ್. ಒಂದು ಗಬ್ಬದ ಹೆಣ್ಣು ಉಳಿದ್ರೆ ಸಾಕು, ಮೂರು ವಾರಕ್ಕೆ ಮರಿ, ಆ ಮರಿಗಳು ಮೂರ್ನಾಲ್ಕು ತಿಂಗಳಿಗೆ ತಾವೇ ಮರಿ ಹಾಕೋಕೆ ರೆಡಿ, ತಿನ್ನೋಕೆ ಈಗ ಪೈಪೋಟಿ ಬೇರೆ ಇಲ್ಲ, ಎರಡು ವರ್ಷದಲ್ಲಿ ಮೊದಲಿನಷ್ಟೇ ಆಗಿ ಕೂತಿರುತ್ತೆ. ಪಾಷಾಣ ಹಾಕೋದ್ರಲ್ಲೂ ಒಂದು ಸೂಕ್ಷ್ಮ ಇದೆ. ಇಲಿಗೆ ಹೊಸ ವಸ್ತು ಅಂದ್ರೆ ಅನುಮಾನ, ಮೊದಲು ಚೂರೇ ಚೂರು ಕಡಿದು ನೋಡುತ್ತೆ, ಹೊಟ್ಟೆ ಕೆಟ್ರೆ ಜನ್ಮದಲ್ಲಿ ಮತ್ತೆ ಅದನ್ನ ಮುಟ್ಟಲ್ಲ. ತಕ್ಷಣ ಕೊಲ್ಲೋ ವಿಷ ಅದಕ್ಕೇ ಇಲ್ಲಿ ಕೆಲಸಕ್ಕೆ ಬರಲ್ಲ. ಹಾಗಾಗಿ ಬಳಸೋದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಮದ್ದು. ಮೈಯಲ್ಲಿ ರಕ್ತ ಹೆಪ್ಪುಗಟ್ಟೋಕೆ ವಿಟಮಿನ್ ಕೆ ಬೇಕು, ದೇಹ ಅದನ್ನ ಬಳಸಿ ಮತ್ತೆ ರಿಪೇರಿ ಮಾಡಿ ಮತ್ತೆ ಬಳಸುತ್ತೆ, ಈ ಮದ್ದು ಆ ರಿಪೇರಿ ಅಂಗಡಿ ಶಟರ್ ಎಳೆದುಬಿಡುತ್ತೆ. ಸ್ಟಾಕ್ ಮುಗಿಯೋವರೆಗೂ ಇಲಿಗೆ ಏನೂ ಗೊತ್ತಾಗಲ್ಲ, ದಿನಾ ಬಂದು ತಿಂದು ಹೋಗುತ್ತೆ, ಕೆಲವು ದಿನ ಆದ್ಮೇಲೆ ಒಳಗೇ ರಕ್ತ ಸೋರಿ ಸಾಯುತ್ತೆ. ತಿಂದಿದ್ದಕ್ಕೂ ಸತ್ತಿದ್ದಕ್ಕೂ ಇಷ್ಟು ಗ್ಯಾಪ್ ಇರೋದ್ರಿಂದ ಮಿಕ್ಕ ಇಲಿಗಳಿಗೆ ಸಂಬಂಧ ಹೊಳೆಯಲ್ಲ. ಕ್ರೂರ ಸಾವು ಅದು, ಇಲ್ಲ ಅನ್ನಲ್ಲ. ಹಲ್ಲಿ ತಿನ್ನೋದು ಸಣ್ಣ ಸಣ್ಣ ಹುಳ, ಆ ಪಾಷಾಣದ ಉಂಡೆ ಅದಕ್ಕೆ ಕಲ್ಲಿಗೆ ಸಮ.

ಪೋರ್ಟೊ ರಿಕೊದ ನಿಸರ್ಗ ಸಂಪನ್ಮೂಲ ಇಲಾಖೆಯವರು 1992-93ರಲ್ಲಿ ಮೊದಲ ಸಲ ಹಾಕಿದ್ರು. ಪೂರ್ತಿ ಹೋಗ್ಲಿಲ್ಲ. ನೆಟ್ಟಗೆ ನಿಂತ ಗೋಡೆಯ ಸಂದಿಗೊಂದಿ ಎಲ್ಲಾ ಮನುಷ್ಯ ಹೋಗಿ ಪಾಷಾಣ ಇಡೋಕಾಗೋ ಜಾಗ ಅಲ್ಲವಲ್ಲ. 1998-99ರಲ್ಲಿ ಮತ್ತೆ ಹೋದ್ರು, ಪ್ರತೀ ಸಲ ಆ ಬಂಡೆಗೆ ಹಾರಿ, ಸಾಮಾನೆಲ್ಲಾ ಎಳ್ಕೊಂಡು. ಈ ಸಲ ಕೆಲಸ ಆಯ್ತು. ಆಮೇಲೆ ನೋಡಿದವರಿಗೆ ಇಲಿ ಸಿಗಲಿಲ್ಲ, 2014ರಲ್ಲಿ ಇಲ್ಲ, 2016ರಲ್ಲೂ ಇಲ್ಲ. ಅದೇ ಮೊನಾ ಕಾಲುವೆಯ ಇನ್ನೊಂದು ಒಣ ದ್ವೀಪ ಡೆಸೆಚೆಯೊ, ಅಲ್ಲೂ ಅದರದ್ದೇ ಆದ ಒಂದು ದುಂಡು ಬೆರಳಿನ ಹಲ್ಲಿ ಇದೆ, ಅಲ್ಲೂ ಇದೇ ಹಣೆಬರಹ, 2012ರಲ್ಲಿ ಇಲಿ ತೆಗೆಯೋಕೆ ಹೋಗಿ ಫೇಲ್ ಆಗಿ 2016ರಲ್ಲಿ ಗೆದ್ರು. ಮೊದಲನೇ ಅಟೆಂಪ್ಟಲ್ಲಿ ಪಾಸಾಗೋದು ಇಲಿ ಪರೀಕ್ಷೇಲಿ ಕಷ್ಟ ಅನ್ಸುತ್ತೆ.

ಈಗ ಅಸಲಿ ಪ್ರಶ್ನೆ. ಇಲಿ ಹೋಯ್ತು, ಹಲ್ಲಿ ಎಷ್ಟಾಯ್ತು? ಇಲ್ಲೇ ಎಣಿಕೆ ತಲೆನೋವು ಶುರುವಾಗೋದು. ನಾನು ಅಡುಗೆಮನೇಲಿ ಎರಡು ಅಂತೀನಲ್ಲ, ಅದು ಇರೋ ಹಲ್ಲಿ ಲೆಕ್ಕ ಅಲ್ಲ, ಕಂಡ ಹಲ್ಲಿ ಲೆಕ್ಕ. ಇವೆರಡೂ ಒಂದೇ ಅಂದ್ಕೊಂಡ್ರೆ ಮೋಸ ಹೋಗ್ತೀವಿ. ದನ ಎಣಿಸಿದ ಹಾಗೆ ಹಲ್ಲಿ ಎಣಿಸೋಕಾಗಲ್ಲ, ದನ ಕೊಟ್ಟಿಗೇಲಿ ನಿಂತಿರುತ್ತೆ, ಹಲ್ಲಿ ನೀವು ಕಲ್ಲೆತ್ತೋ ಸದ್ದಿಗೇ ಇನ್ನೊಂದು ಕಲ್ಲಡಿ ಹೋಗಿರುತ್ತೆ. ಹಾಗಂತ ಎಲ್ಲಾ ಕಲ್ಲೂ ಎತ್ತಿ ನೋಡ್ತೀವಿ ಅಂದ್ರೆ ಅದರ ಮನೇನೇ ಕೆಡವಿದ ಹಾಗೆ.

ಕಾಣದೇ ಇರೋದನ್ನ ಎಣಿಸೋ ಉಪಾಯ ಏನಪ್ಪಾ ಅಂದ್ರೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗೋದು. ದ್ವೀಪದ ಮೇಲೆ ಅಲ್ಲಲ್ಲಿ ಚೌಕ ಗುರುತು ಮಾಡ್ಕೊಳ್ಳಿ, ಅದನ್ನೂ ನಿಮಗೆ ಇಷ್ಟ ಬಂದ ಕಡೆ ಅಲ್ಲ, ಚೀಟಿ ಎತ್ತಿದ ಹಾಗೆ ಎಲ್ಲಿ ಬರುತ್ತೋ ಅಲ್ಲಿ (ಇಲ್ಲಾಂದ್ರೆ ಹಲ್ಲಿ ಜಾಸ್ತಿ ಇರೋ ಕಡೇನೇ ಚೌಕ ಹಾಕಿ ಖುಷಿಪಡ್ತೀವಿ). ಒಂದು ಚೌಕಕ್ಕೆ ಮೂರು ರಾತ್ರಿ ಹೋದ್ರಿ ಅಂದ್ಕೊಳ್ಳಿ, ಮೂರು ಸಲಾನೂ 4, 4, 4 ಸಿಕ್ತು. ಇನ್ನೊಂದು ಚೌಕದಲ್ಲಿ 1, 6, 2. ಮೊದಲನೇ ಚೌಕದಲ್ಲಿ ಬಹುಶಃ ಇರೋದೇ ನಾಲ್ಕು, ಎಲ್ಲಾ ಕಾಣ್ತಿವೆ. ಎರಡನೇದರಲ್ಲಿ ಕನಿಷ್ಠ ಆರು ಇರಲೇಬೇಕು, ಹಾಗಿದ್ರೆ ಒಂದೇ ಕಂಡ ರಾತ್ರಿ ಐದು ಎಲ್ಲೋ ಅಡಗಿದ್ವು ಅಂತಾಯ್ತು. ಹಾಗಾದ್ರೆ ಆರು ಕಂಡ ರಾತ್ರೀನೂ ಇನ್ನೊಂದಷ್ಟು ಅಡಗಿರಬಾರದು ಅಂತ ಏನಿದೆ? ಅಡಗಿರೋ ಸಾಧ್ಯತೆ ಜಾಸ್ತಿನೇ.

ಇದರ ಹಿಂದಿನ ತರ್ಕ ಸಿಂಪಲ್. ಪ್ರತೀ ಹಲ್ಲೀನೂ ರಾತ್ರಿ ಒಂದು ನಾಣ್ಯ ಚಿಮ್ಮುತ್ತೆ ಅಂತ ಇಟ್ಕೊಳ್ಳಿ, ಹೆಡ್ ಬಿದ್ರೆ ನಿಮ್ಮ ಟಾರ್ಚಿಗೆ ಕಾಣ್ಸುತ್ತೆ, ಟೇಲ್ ಬಿದ್ರೆ ಕಾಣಲ್ಲ. ನಾಣ್ಯ ಯಾವ ಕಡೆ ವಾಲಿದೆ ಅನ್ನೋದು ನಮಗೆ ಗೊತ್ತಿಲ್ಲ, ಎಷ್ಟು ಹಲ್ಲಿ ಇದಾವೆ ಅನ್ನೋದೂ ಗೊತ್ತಿಲ್ಲ. ಒಂದೇ ಸಲ ಹೋಗಿ ಬಂದ್ರೆ ಎರಡನ್ನೂ ಬಿಡಿಸೋಕಾಗಲ್ಲ, ನಾಲ್ಕು ಕಂಡ್ರೆ ನಾಲ್ಕೇ ಇದ್ದು ಎಲ್ಲಾ ಕಂಡಿದ್ದಾ, ನಲವತ್ತಿದ್ದು ಹತ್ತರಲ್ಲೊಂದು ಕಂಡಿದ್ದಾ, ದೇವರಿಗೇ ಗೊತ್ತು. ಆದ್ರೆ ಮತ್ತೆ ಮತ್ತೆ ಹೋದಾಗ ಸಂಖ್ಯೆ ಹೇಗೆ ಮೇಲೆ ಕೆಳಗೆ ಆಗುತ್ತೆ ಅನ್ನೋದ್ರಲ್ಲಿ ಆ ನಾಣ್ಯದ ಗುಟ್ಟು ಬಿಟ್ಕೊಳ್ಳುತ್ತೆ. ಸಂಖ್ಯೆ ಅಲ್ಲಾಡದೆ ನಿಂತ್ರೆ ನಮಗೆ ಬಹುತೇಕ ಎಲ್ಲಾ ಕಾಣ್ತಿವೆ, ಹುಚ್ಚುಹುಚ್ಚಾಗಿ ಕುಣಿದ್ರೆ ಬಹಳಷ್ಟು ತಪ್ಪಿಸ್ಕೊಳ್ತಿವೆ. ಅಷ್ಟು ತಿಳಿದ್ರೆ ಕಂಡಿದ್ದರಿಂದ ಇರೋದಕ್ಕೆ ಲೆಕ್ಕ ಕಟ್ಟಬಹುದು, ಆಮೇಲೆ ಚೌಕಗಳಿಂದ ಇಡೀ ದ್ವೀಪಕ್ಕೆ. ಒಂದು ಷರತ್ತಿದೆ, ಆ ಮೂರು ರಾತ್ರಿ ಮಧ್ಯೆ ಚೌಕದ ಒಳಗೆ ಹೊರಗೆ ಜಾಸ್ತಿ ಓಡಾಟ ಆಗಿರಬಾರದು, ಸತ್ತಿರಬಾರದು ಹುಟ್ಟಿರಬಾರದು. ಬೆಂಕಿಕಡ್ಡಿ ಉದ್ದದ ಪ್ರಾಣಿ ಮೂರು ದಿನದಲ್ಲಿ ಎಷ್ಟು ದೂರ ಹೋದೀತು, ಹಾಗಾಗಿ ಇಲ್ಲಿ ಆ ಷರತ್ತು ಅಷ್ಟೇನೂ ಕಾಡಲ್ಲ.

2016ರಲ್ಲಿ ಮೊನಿಟೊದಲ್ಲಿ ಇಂಥ ಕ್ರಮಬದ್ಧ ಸರ್ವೆ ಆಯ್ತು. ಬಂದ ಅಂದಾಜು 7,661. ಇದನ್ನ ಒಂದೇ ನಂಬರ್ ಅಂತ ಓದಬಾರದು, ಅದರ ಜೊತೆ ಒಂದು ಅಂತರಾನೂ ಕೊಟ್ಟಿದ್ರು, 5,344ರಿಂದ 10,590ರವರೆಗೆ. ಅಂದ್ರೆ ಐದು ಸಾವಿರವೂ ಇರಬಹುದು, ಹತ್ತು ಸಾವಿರವೂ ಇರಬಹುದು, 24 ಅಂತೂ ಖಂಡಿತ ಅಲ್ಲ. 7,661ನ 37 ಎಕರೆಗೆ ಹಂಚಿ ನೋಡಿದ್ರೆ ಗುಂಟೆಗೆ ಐದು ಹಲ್ಲಿ, ಒಂದು ಮೂವತ್ತು ನಲವತ್ತು ಸೈಟಿಗೆ ಐದಾರು. ಹೀಗೆ ಹೇಳಿದಾಗ ನಮ್ಮಮ್ಮಂಗೆ ಆಶ್ಚರ್ಯನೇ ಆಗ್ಲಿಲ್ಲ, "ನಮ್ಮನೇಲಿ ಅದಕ್ಕಿಂತ ಜಾಸ್ತಿ ಇವೆ" ಅಂದ್ರು.

ಇಲ್ಲಿ ಒಂದು ಕಡೆ ಎಡವೋದು ಸುಲಭ. 1982ರಲ್ಲಿ 24, 2016ರಲ್ಲಿ 7,661, ಹಾಗಾದ್ರೆ ಮುನ್ನೂರು ಪಟ್ಟು ಜಾಸ್ತಿ ಆಯ್ತು ಅಂತ ಭಾಗಾಕಾರ ಮಾಡಿ ಹೆಡ್‌ಲೈನ್ ಹಾಕಿದ್ರೆ ಓದೋಕೆ ಚೆನ್ನಾಗಿರುತ್ತೆ. ತಪ್ಪು. 24 ಅನ್ನೋದು ಕಂಡ ಹಲ್ಲಿ, 7,661 ಅನ್ನೋದು ಇರೋ ಹಲ್ಲಿ ಅಂದಾಜು. ಒಂದು ಜೇಬಲ್ಲಿರೋ ಚಿಲ್ಲರೆ, ಇನ್ನೊಂದು ಬ್ಯಾಂಕ್ ಬ್ಯಾಲೆನ್ಸ್. ಇದರ ಮೇಲೆ ಇನ್ನೊಂದು ಎಡವಟ್ಟು, ಹಳೇ ಸರ್ವೆಗಳು ನಡೆದಿದ್ದು ಹಗಲು ಹೊತ್ತಲ್ಲಿ! ರಾತ್ರಿ ಓಡಾಡೋ ಪ್ರಾಣೀನ ಹಗಲು ಹುಡುಕಿ ಕಮ್ಮಿ ಇದೆ ಅಂದಿದ್ದು. ಅವರನ್ನ ದೂರೋ ಹಾಗೂ ಇಲ್ಲ, ಹೆಸರಿಟ್ಟು ಐದು ವರ್ಷ ಆಗಿದ್ದ ಪ್ರಾಣಿ, ಅದರ ದಿನಚರಿ ಯಾರಿಗೂ ಗೊತ್ತಿರ್ಲಿಲ್ಲ, ಸುತ್ತ ಪ್ರಪಾತ ಇರೋ ಬಂಡೆ ಮೇಲೆ, ಸಿಡಿಯದೇ ಉಳಿದ ಹಳೇ ಬಾಂಬ್ ಇರಬಹುದಾದ ಜಾಗದಲ್ಲಿ, ರಾತ್ರಿ ಟಾರ್ಚ್ ಹಿಡ್ಕೊಂಡು ಓಡಾಡಿ ಅಂದ್ರೆ ಯಾರು ಒಪ್ತಾರೆ.

ಹಾಗಾದ್ರೆ ಹಲ್ಲಿ ಹೆಚ್ಚಾಗಿದ್ದು ನಿಜಾನಾ, ಇಲ್ಲಾ ನಾವು ಹುಡುಕೋದು ಕಲಿತಿದ್ದಾ? ನನ್ನ ಪ್ರಕಾರ ಎರಡೂ ಸೇರಿರಬೇಕು, ಇಲಿ ಇದ್ದಾಗಿಂದ ಇಲಿ ಹೋದ ಮೇಲೆ ಏನೂ ಬದಲಾಗ್ಲಿಲ್ಲ ಅನ್ನೋದನ್ನ ನಂಬೋದು ಕಷ್ಟ. ಆದ್ರೆ ಎಷ್ಟು ಪಾಲು ಯಾವುದಕ್ಕೆ ಅಂತ ಈಗ ಹಿಂದಕ್ಕೆ ಹೋಗಿ ಅಳೆಯೋಕಾಗಲ್ಲ, 1982ರಲ್ಲಿ ರಾತ್ರಿ ಮೂರು ಸಲ ಎಣಿಸಿದವರು ಯಾರೂ ಇಲ್ಲವಲ್ಲ. ಇಲಿ ಮೇಲಿನ ಕೇಸೂ ಅದೇ ಕಾರಣಕ್ಕೆ ಪೂರ್ತಿ ಸಾಬೀತಾಗದೇ ಉಳಿಯುತ್ತೆ. ನಂಗೆ ಈ ಕಥೇಲಿ ಇಷ್ಟ ಆಗಿದ್ದೇ ಇದು, ಸರಿಯಾದ ಕೆಲಸ ಮಾಡೋಕೆ ಪೂರ್ತಿ ಸಾಕ್ಷಿ ಸಿಗೋವರೆಗೂ ಕಾಯ್ಲಿಲ್ಲ, ಕೆಲಸ ಮುಗಿದ ಮೇಲೆ ಸಾಕ್ಷಿ ಇದೆ ಅಂತ ಬುರುಡೆ ಬಿಡೋ ಅಗತ್ಯಾನೂ ಇಲ್ಲ.

2019ರ ಅಕ್ಟೋಬರಿನಲ್ಲಿ ಈ ಹಲ್ಲಿ ಹೆಸರನ್ನ ಅಮೆರಿಕದ ಅಳಿವಿನಂಚಿನ ಪಟ್ಟಿಯಿಂದ ತೆಗೆದ್ರು, ಅಳಿದುಹೋಗಿ ಅಲ್ಲ, ಚೇತರಿಸ್ಕೊಂಡು. ಪಟ್ಟಿಯಿಂದ ತೆಗೆಯೋವಾಗ ನೋಡೋದು ಸಂಖ್ಯೆ ಒಂದನ್ನೇ ಅಲ್ಲ, ಮುಂದೆ ಮತ್ತೆ ಅಪಾಯ ಬರೋ ದಾರಿ ಎಷ್ಟಿದೆ ಅನ್ನೋದನ್ನ. ಸಮುದ್ರ ಏರಿದ್ರೆ? ತುದಿ 66 ಮೀಟರ್ ಮೇಲಿದೆ, ಹಲ್ಲಿ ಕಾಲು ನೆನೆಯಲ್ಲ. ರೆಸಾರ್ಟ್ ಕಟ್ಟಿದ್ರೆ? ನೀರಿಲ್ಲ, ಬೀಚಿಲ್ಲ, ಇಳಿಯೋಕೇ ಜಾಗ ಇಲ್ಲ, ಮೇಲಾಗಿ ಅದು ಸಂರಕ್ಷಿತ ಪ್ರದೇಶ, ಅನುಮತಿ ಇಲ್ಲದೆ ಹೋಗೋ ಹಾಗಿಲ್ಲ. ಉಳಿಯೋದು ಎರಡು ಭಯ. ಒಂದು ಮತ್ತೆ ಇಲಿ ಬರೋದು. ಇನ್ನೊಂದು ಬೆಂಕಿ, ಅದರ ಹಿನ್ನೆಲೆ ಕೇಳಿದ್ರೆ ಹಲ್ಲಿ ಮರೆತು ಮನುಷ್ಯರ ಬಗ್ಗೆ ಮರುಕ ಹುಟ್ಟುತ್ತೆ. ಮೊನಾ ಕಾಲುವೆ ಕಳ್ಳದಾರೀಲಿ ಅಮೆರಿಕ ಸೇರೋಕೆ ಹೊರಟವರ ದಾರಿ, ದೋಣಿಯವರು ದುಡ್ಡು ತಗೊಂಡು ಕೆಲವು ಸಲ ಜನಾನ ಇಂಥ ಬಂಡೆ ಮೇಲೆ ಇಳಿಸಿ ಹೋಗಿಬಿಡ್ತಾರೆ, ನೀರಿಲ್ಲದ ಜಾಗದಲ್ಲಿ ಸಿಕ್ಕಿಹಾಕ್ಕೊಂಡವರು ಯಾರಾದ್ರೂ ನೋಡ್ಲಿ ಅಂತ ಬೆಂಕಿ ಹಾಕಿದ್ರೆ, ಒಣ ಪೊದೆ ಒಣ ಎಲೆ ಹತ್ಕೊಳ್ಳೋಕೆ ಎಷ್ಟು ಹೊತ್ತು. ಅವರನ್ನ ಬೈಯೋಕೆ ಬಾಯಿ ಬರಲ್ಲ.

ಪಟ್ಟಿಯಿಂದ ತೆಗೆದ ಮೇಲೂ ಕನಿಷ್ಠ ಐದು ವರ್ಷ ಕಣ್ಣಿಟ್ಟಿರಬೇಕು ಅಂತ ಆ ಕಾನೂನೇ ಹೇಳುತ್ತೆ. ಹಲ್ಲಿ ಜೊತೆ ಅಲ್ಲೇ ಇನ್ನೊಂದು ಹಾವುರಾಣಿ ಜಾತಿಯ ಪ್ರಾಣಿ ಬೇರೆ ಇದೆ, ಅದನ್ನ ಪ್ರತ್ಯೇಕ ಪ್ರಭೇದ ಅಂತ ಗುರುತಿಸಿ ಮೊನಿಟೊ ಹೆಸರೇ ಇಟ್ಟಿದ್ದು 2012ರಲ್ಲಿ. 37 ಎಕರೆ ಬಂಡೇಲಿ ಇನ್ನೂ ಏನೇನು ಸಂದೀಲಿ ಕೂತಿದೆಯೋ.

ಇದನ್ನೆಲ್ಲಾ ಓದಿದ ಮೇಲೆ ನಾನೂ ಒಂದು ವಾರ ಅಡುಗೆಮನೆ ಹಲ್ಲಿ ಎಣಿಸಿದೆ, ದಿನಾ ರಾತ್ರಿ ಹತ್ತು ಗಂಟೆಗೆ ಲೈಟ್ ಹಾಕಿ. 2, 0, 3, 1, 2, 4, 0. ಸಂಖ್ಯೆ ಕುಣಿಯೋ ರೀತಿ ನೋಡಿದ್ರೆ ನನ್ನ "ಎರಡು" ಸುಳ್ಳು ಅಂತ ನಂಗೇ ಗೊತ್ತಾಯ್ತು. ಅಮ್ಮಂಗೆ ತೋರಿಸಿದೆ. ಅವರು ಲೆಕ್ಕದ ಚೀಟಿ ನೋಡಲೂ ಇಲ್ಲ. "ಹತ್ತು ಗಂಟೆಗೆ ಏನ್ ಕಾಣ್ತವೆ, ನಾನು ಎರಡು ಗಂಟೆಗೆ ನೀರು ಕುಡಿಯೋಕೆ ಏಳ್ತೀನಲ್ಲ, ಆಗ ಬಾ" ಅಂದ್ರು.